‘ಪ್ರೊಪಗಾಂಡ’ ಎಂಬ ಶಬ್ದದ ವಿಚಾರ

(ಶತಮಾನೋತ್ಸವದ ಅಂಗವಾಗಿ ಏರ್ಪಡಿಸಿದ್ದ ಉಪನ್ಯಾಸಮಾಲೆಯಲ್ಲಿ ನಮ್ಮ ಧರ್ಮಕೇಂದ್ರದ ಗುರುಗಳು ಮಾಡಿದ ಭಾಷಣದ ಲಿಖಿತ ರೂಪ)



ಈ ಉಪನ್ಯಾಸಮಾಲೆಯ ಕೊನೆಯ ಭಾಷಣವನ್ನು ನಾನು ಮಾಡಬೇಕೆಂದು ಸಮಿತಿಯವರು ಕೇಳಿಕೊಂಡಾಗ, ನಮ್ಮ ಪಾಲಕ ಸಂತರ ಚರಿತ್ರೆಯನ್ನೋ ಈ ದೇವಾಲಯದ ಕಟ್ಟಡದ ವಿಚಾರವನ್ನೋ ನಾನು ಆರಿಸಿಕೊಳ್ಳುವೆನೆಂದು ನಿಮ್ಮಲ್ಲಿ ಅನೇಕರು ನಿರೀಕ್ಷಿಸಿದ್ದಿರಬಹುದು. ನಾನು ಆರಿಸಿಕೊಂಡಿರುವುದು ಒಂದು ಇಂಗ್ಲಿಷ್ ಶಬ್ದವನ್ನು. ಇದೇನು, ಹಬ್ಬದ ಊಟಕ್ಕೆ ಕರೆದು ನಿಘಂಟು ಬಡಿಸುತ್ತಿದ್ದಾರಲ್ಲ ಎಂದು ಬೇಸರ ಪಡಬೇಡಿರಿ. ಕಾರಣವನ್ನು ಮೊದಲಿಗೇ ಹೇಳಿಬಿಡುತ್ತೇನೆ.

ಶತಮಾನೋತ್ಸವದ ಸಿದ್ಧತೆಗಾಗಿ ನಮ್ಮ ಯುವಜನರು ಗುರುನಿವಾಸದ ಹಳೆಯ ಕಪಾಟುಗಳನ್ನು ಶುಚಿ ಮಾಡುತ್ತಿದ್ದಾಗ ಒಂದು ಕಾಗದದ ಕಟ್ಟು ದೊರೆಯಿತು. ಅದರಲ್ಲಿ ಈ ದೇವಾಲಯದ ಛಾವಣಿಯ ತೊಲೆಗಳಿಗೆ ಹಣದ ನೆರವು ಬಂದುದಕ್ಕೆ ಕೃತಜ್ಞತೆ ಸಲ್ಲಿಸಿ ಆಗಿನ ಗುರುಗಳು ಬರೆದ ಪತ್ರದ ಪ್ರತಿಯೊಂದಿತ್ತು. ಪತ್ರದಲ್ಲಿ ‘ಪ್ರೊಪಗಾಂಡ’ ಎಂಬ ಶಬ್ದ ಎರಡು ಸಲ ಬಂದಿದೆ. ಪಿ.ಯು.ಸಿ. ಓದುತ್ತಿರುವ ಹುಡುಗಿಯೊಬ್ಬಳು ಅದನ್ನು ಓದಿ, ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನ ಬಳಿಗೆ ಬಂದಳು. “ಫಾದರ್, ಪ್ರೊಪಗಾಂಡ ಅಂದರೆ ಸುಳ್ಳು ಪ್ರಚಾರ ಅಲ್ಲವಾ? ನಮ್ಮ ಚರ್ಚಿನ ಛಾವಣಿ ಅದರ ದುಡ್ಡಿನಿಂದ ಆಗಿದ್ದಾ?” ಎಂದು ಕೇಳಿದಳು. ಪಕ್ಕದಲ್ಲಿದ್ದ ಹುಡುಗರು ನಕ್ಕರು. ನಾನೂ ನಕ್ಕೆ. ಆದರೆ ಅವಳು ನಗಲಿಲ್ಲ. ಆ ದಿನ ಅವಳಿಗೆ ಎರಡು ವಾಕ್ಯಗಳಲ್ಲಿ ಏನೋ ಹೇಳಿ ಕಳುಹಿಸಿದೆ. ಅದು ಉತ್ತರವಾಗಿರಲಿಲ್ಲವೆಂಬುದು ನನಗೂ ಅವಳಿಗೂ ತಿಳಿದಿತ್ತು. ಈ ಭಾಷಣ ಅವಳಿಗೆ ನಾನು ಕೊಡಬೇಕಾಗಿದ್ದ ಉತ್ತರವೆಂದು ತಿಳಿಯಿರಿ.

ಮೊದಲು ಶಬ್ದದ ಹುಟ್ಟು. ಇದು ಇಂಗ್ಲಿಷಿಗೆ ಬಂದದ್ದು ನಮ್ಮ ಧರ್ಮಸಭೆಯ ಲತೀನಿನಿಂದ. ಲತೀನಿನಲ್ಲಿ ‘ಪ್ರೊಪಾಗೊ’ ಎಂದರೆ ಬಳ್ಳಿಯ ಕುಡಿ, ನೆಡುವ ಕೊಂಬೆ. ದ್ರಾಕ್ಷಿಯ ತೋಟಗಾರನು ತಾಯಿಬಳ್ಳಿಯ ಒಂದು ಕೊಂಬೆಯನ್ನು ಕತ್ತರಿಸದೆ ಹಾಗೆಯೇ ಬಗ್ಗಿಸಿ, ನೆಲದಲ್ಲಿ ಹೂತು ಮಣ್ಣು ಮುಚ್ಚುತ್ತಾನೆ. ಅದು ತಾಯಿಯ ಸಾರವನ್ನೇ ಉಂಡು ತನ್ನದೇ ಬೇರು ಬಿಡುತ್ತದೆ. ಬೇರು ಬಿಟ್ಟ ಮೇಲೆ ಹೊಸ ಬಳ್ಳಿ. ಈ ಕೆಲಸಕ್ಕೆ ಲತೀನಿನಲ್ಲಿ ‘ಪ್ರೊಪಗಾರೆ’ ಎಂಬ ಕ್ರಿಯಾಪದವಿದೆ. ನಮ್ಮ ಕಡೆ ವೀಳ್ಯದೆಲೆಯ ತೋಟಗಳಲ್ಲಿ ಬಳ್ಳಿಯನ್ನು ಇಳಿಸಿ ಮಣ್ಣು ಮುಚ್ಚುವುದನ್ನು ಕಂಡವರಿಗೆ, ಮಲ್ಲಿಗೆಯ ಕೊಂಬೆಯನ್ನು ಬಗ್ಗಿಸಿ ಬೇರು ಬರಿಸುವ ನಮ್ಮ ತಾಯಂದಿರಿಗೆ, ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಯೊವಾನ್ನರ ಶುಭಸಂದೇಶದ ಹದಿನೈದನೆಯ ಅಧ್ಯಾಯದಲ್ಲಿ ಪ್ರಭು ತನ್ನನ್ನು ದ್ರಾಕ್ಷಾಬಳ್ಳಿಗೂ ನಮ್ಮನ್ನು ಕವಲುಗಳಿಗೂ ಹೋಲಿಸಿದ್ದು ನಿಮಗೆ ನೆನಪಿರಲಿ.

ಇಲ್ಲಿ ಇನ್ನೊಂದು ಮಾತು ಹೇಳಬೇಕು. ಧರ್ಮಸಭೆ ಈ ವಿಷಯದಲ್ಲಿ ಬಳಸಿದ ಶಬ್ದಗಳು ಬಹುಪಾಲು ಹೊಲ-ತೋಟಗಳಿಂದಲೇ ಬಂದವು. ನಾನು ಎಂಟು ವರ್ಷ ಕಳೆದ ಸೆಮಿನರಿಯ ಹೆಸರಿನ ಅರ್ಥ ಬೀಜದ ಮಡಿ, ಅಂದರೆ ಸಸಿ ಬೆಳೆಸುವ ಪಾತಿ. ತ್ರೆಂತ್ ಮಹಾಸಭೆಯು 1563ರಲ್ಲಿ ಗುರುಶಿಕ್ಷಣಕ್ಕಾಗಿ ಆ ಹೆಸರಿನ ವಿದ್ಯಾಲಯಗಳನ್ನು ಸ್ಥಾಪಿಸಬೇಕೆಂದು ವಿಧಿಸಿತು. ಇಂದು ಬಾನುಲಿಗೂ ದೂರದರ್ಶನಕ್ಕೂ ಹೇಳುವ ‘ಬ್ರಾಡ್‌ಕಾಸ್ಟ್’ ಎಂಬ ಇಂಗ್ಲಿಷ್ ಶಬ್ದ ಕೂಡ ಮೂಲದಲ್ಲಿ ರೈತನು ಕೈಬೀಸಿ ಬೀಜ ಚೆಲ್ಲುವುದಕ್ಕೆ ಇದ್ದ ಹೆಸರು. ಬಿತ್ತುವವನ ಸಾಮತಿಯನ್ನು ಕೇಳಿ ಬೆಳೆದವರಿಗೆ ಇದು ಅಪರಿಚಿತವಲ್ಲ. ಬೀಜ ಚೆಲ್ಲುವವನು ಎಲ್ಲಿ ಬಿತ್ತೆಂದು ನೋಡುವುದಿಲ್ಲ, ಬಳ್ಳಿ ಬಗ್ಗಿಸುವವನು ಮಾತ್ರ ಬೇರು ಬರುವವರೆಗೆ ಕಾಯಬೇಕು.

1622ರ ಜನವರಿ 6ರಂದು, ಮೂವರು ಜ್ಞಾನಿಗಳ ಹಬ್ಬದ ದಿನ, ಹದಿನೈದನೆಯ ಗ್ರೆಗೊರಿ ಜಗದ್ಗುರುಗಳು ರೋಮಿನಲ್ಲಿ ಕಾರ್ಡಿನಲರ ಒಂದು ಪವಿತ್ರ ಮಂಡಲಿಯನ್ನು ಸ್ಥಾಪಿಸಿದರು. ಅದರ ಹೆಸರು ‘ಸಾಕ್ರಾ ಕೊಂಗ್ರೆಗಾತ್ಸಿಯೊ ದೆ ಪ್ರೊಪಗಾಂಡಾ ಫಿದೆ’. ಇದನ್ನು ವ್ಯಾಕರಣದ ದೃಷ್ಟಿಯಿಂದ ಸ್ವಲ್ಪ ನೋಡೋಣ. ‘ಫಿದೆಸ್’ ಎಂದರೆ ವಿಶ್ವಾಸ. ‘ಪ್ರೊಪಗಾಂಡ’ ನಾಮಪದವಲ್ಲ, ವಿಶೇಷಣ. ಕನ್ನಡದಲ್ಲಿ ‘ಮಾಡತಕ್ಕ’, ‘ಹೇಳತಕ್ಕ’ ಎಂಬ ರೂಪಗಳಿವೆಯಲ್ಲ, ಆ ಜಾತಿಯದು. ಪೂರ್ತಿ ಹೆಸರನ್ನು ಕನ್ನಡಿಸಿದರೆ ‘ಹಬ್ಬಿಸತಕ್ಕ ವಿಶ್ವಾಸವನ್ನು ಕುರಿತ ಪವಿತ್ರ ಮಂಡಲಿ’ ಎಂದಾಗುತ್ತದೆ. ಜನರ ಬಾಯಿಗೆ ಇಷ್ಟುದ್ದದ ಹೆಸರು ಹಿಡಿಸುವುದಿಲ್ಲ. ರೋಮಿನವರು ಅದನ್ನು ತುಂಡರಿಸಿ ‘ಪ್ರೊಪಗಾಂಡ’ ಎಂದರು. ಹೀಗೆ ತುಂಡರಿಸಿದಾಗ ಬಿದ್ದುಹೋದ ಪದ ಯಾವುದು? ‘ವಿಶ್ವಾಸ’ವೇ ಬಿದ್ದುಹೋಯಿತು. ‘ಹಬ್ಬಿಸತಕ್ಕದ್ದು’ ಮಾತ್ರ ಉಳಿಯಿತು. ಏನನ್ನು ಹಬ್ಬಿಸತಕ್ಕದ್ದು ಎಂಬುದು ಹೋಯಿತು. ಮುಂದಿನ ನಾಲ್ಕು ಶತಮಾನಗಳಲ್ಲಿ ಈ ಶಬ್ದಕ್ಕೆ ಆದ ಗತಿಯೆಲ್ಲ ಈ ಒಂದು ಲೋಪದಲ್ಲೇ ಅಡಗಿದೆ ಎಂಬುದು ನನ್ನ ಅಭಿಪ್ರಾಯ. ಭಾಷಾಶಾಸ್ತ್ರಜ್ಞರು ಒಪ್ಪದಿದ್ದರೆ ಅವರ ಕ್ಷಮೆ ಕೋರುತ್ತೇನೆ.

ಲತೀನಿನ ‘ಫಿದೆಸ್’ ಬರಿಯ ಧಾರ್ಮಿಕ ಶಬ್ದವಲ್ಲ. ಕೊಟ್ಟ ಮಾತನ್ನು ಉಳಿಸಿಕೊಳ್ಳುವುದು, ನಂಬಿಕೆಗೆ ಅರ್ಹನಾಗಿರುವುದು, ಸಾಲ ಕೊಡುವವನು ಸಾಲಗಾರನಲ್ಲಿ ಇಡುವ ಭರವಸೆ, ಇವೆಲ್ಲವೂ ‘ಫಿದೆಸ್’. ನಮ್ಮ ‘ವಿಶ್ವಾಸ’ವೂ ಹಾಗೆಯೇ ಇದೆ. ದೇವರಲ್ಲಿ ವಿಶ್ವಾಸ ಎನ್ನುತ್ತೇವೆ, ವಿಶ್ವಾಸದ್ರೋಹ ಎನ್ನುತ್ತೇವೆ, ವಿಶ್ವಾಸಾರ್ಹ ಸುದ್ದಿ ಎನ್ನುತ್ತೇವೆ, ಮನೆಗೆ ಬಂದವರನ್ನು ವಿಶ್ವಾಸದಿಂದ ಕಂಡರು ಎಂದೂ ಹೇಳುತ್ತೇವೆ. ಹೇಳುವವನ ಯೋಗ್ಯತೆ, ಹೇಳಿದ ಮಾತಿನ ಸತ್ಯ, ಕೇಳುವವನ ಮೇಲಿನ ಪ್ರೀತಿ, ಈ ಮೂರೂ ಆ ಒಂದು ಮಾತಿನಲ್ಲಿವೆ. ಇಂಗ್ಲಿಷಿಗೂ ಇಲ್ಲದ ಭಾಗ್ಯ ಇದು.

ಆ ಮಂಡಲಿ ಮಾಡಿದ ಕೆಲಸವೇನೆಂದು ನೋಡಿದರೆ, ಅಂದು ಅದರ ಹೆಸರು ಏಕೆ ಗೌರವದ್ದಾಗಿತ್ತೆಂದು ತಿಳಿಯುತ್ತದೆ. 1626ರಲ್ಲಿ ಅದು ಒಂದು ಮುದ್ರಣಾಲಯವನ್ನು ತೆರೆದು, ಅನೇಕ ದೇಶಗಳ ಲಿಪಿಗಳ ಅಚ್ಚುಮೊಳೆಗಳನ್ನು ಎರಕ ಹೊಯ್ಸಿತು. ಮಲಯಾಳಂ ಭಾಷೆಯ ಮೊತ್ತಮೊದಲ ಮುದ್ರಿತ ಪುಸ್ತಕವಾದ ‘ಸಂಕ್ಷೇಪ ವೇದಾರ್ಥಂ’ 1772ರಲ್ಲಿ ಅಚ್ಚಾದದ್ದು ಅಲ್ಲಿಯೇ. 1627ರಲ್ಲಿ ಎಂಟನೆಯ ಊರ್ಬನ್ ಜಗದ್ಗುರುಗಳು ಅದಕ್ಕೆ ಸೇರಿದಂತೆ ಒಂದು ವಿದ್ಯಾಪೀಠವನ್ನು ಸ್ಥಾಪಿಸಿದರು. ನಾನಾ ದೇಶಗಳ ಹುಡುಗರು ಅಲ್ಲಿ ಕಲಿತು ಗುರುಗಳಾಗಿ ತಮ್ಮ ದೇಶಗಳಿಗೆ ಮರಳಬೇಕೆಂಬುದು ಉದ್ದೇಶ. 1659ರಲ್ಲಿ ಈ ಮಂಡಲಿ ಪೂರ್ವದೇಶಗಳಿಗೆ ಹೊರಟ ಫ್ರೆಂಚ್ ಧರ್ಮಾಧ್ಯಕ್ಷರಿಗೆ ಒಂದು ಸೂಚನೆಯನ್ನು ಕೊಟ್ಟಿತು. ಧರ್ಮಕ್ಕೂ ನೀತಿಗೂ ನೇರವಾಗಿ ವಿರುದ್ಧವಾಗಿದ್ದಲ್ಲದೆ ಅಲ್ಲಿನ ಜನರ ಆಚಾರ ವ್ಯವಹಾರಗಳನ್ನು ಬಿಡಿಸಲು ಹೋಗಬೇಡಿರಿ, ಫ್ರಾನ್ಸನ್ನೋ ಸ್ಪೇನನ್ನೋ ಇಟಲಿಯನ್ನೋ ಅಲ್ಲಿಗೆ ಹೊತ್ತೊಯ್ಯಬೇಡಿರಿ, ವಿಶ್ವಾಸವನ್ನು ಮಾತ್ರ ಒಯ್ಯಿರಿ ಎಂಬುದು ಅದರ ತಾತ್ಪರ್ಯ. ನನ್ನ ಸೆಮಿನರಿಯ ದಿನಗಳಲ್ಲಿ ಇದನ್ನು ಮೊದಲು ಓದಿದಾಗ, ಇದು ಎರಡನೆಯ ವ್ಯಾಟಿಕನ್ ಮಹಾಸಭೆಯ ಕಾಲದ್ದಿರಬೇಕೆಂದು ಭ್ರಮಿಸಿದ್ದೆ. ಆ ಧರ್ಮಾಧ್ಯಕ್ಷರು ಕಟ್ಟಿದ ಪ್ಯಾರಿಸ್ ವಿದೇಶ ಪ್ರೇಷಿತ ಸಂಸ್ಥೆಯ ಗುರುಗಳೇ ಮುಂದೆ ಮೈಸೂರು ಸೀಮೆಗೆ ಬಂದರು. ಅವರಲ್ಲೊಬ್ಬರಾದ ಧರ್ಮಾಧ್ಯಕ್ಷ ಶಾರ್ಬೊನೊ ಅವರ ಕಾಲದಲ್ಲಿ, 1861ರಲ್ಲಿ, ಬೆಂಗಳೂರಿನ ಮಿಷನ್ ಅಚ್ಚುಕೂಟದಿಂದ ಲತೀನ್-ಕನ್ನಡ ನಿಘಂಟು ಹೊರಬಂದಿತು. ಬಳ್ಳಿ ಬಗ್ಗಿಸುವುದೆಂದರೆ ಇದು. ಮೊದಲು ನೆಲದ ಮಣ್ಣನ್ನು ಅರಿಯಬೇಕು.

ಹಾಗೆಂದು ಎಲ್ಲವೂ ಹೂವಿನ ಹಾಸಿಗೆಯಾಗಿತ್ತೆಂದು ಹೇಳಲಾರೆ. ಗೋವೆಯ ದಿವಾಡಿಯವರಾದ ಮತೆವುಸ್ ದೆ ಕಾಸ್ತ್ರೊ ಎಂಬುವರು ತಮ್ಮ ನೆಲದಲ್ಲಿ ಗುರುದೀಕ್ಷೆ ದೊರೆಯದೆ ರೋಮಿಗೆ ಹೋಗಿ, ಅಲ್ಲಿ ಗುರುಗಳಾಗಿ, 1637ರಲ್ಲಿ ಧರ್ಮಾಧ್ಯಕ್ಷರಾಗಿ ಪ್ರೊಪಗಾಂಡದ ಪರವಾಗಿ ಬಿಜಾಪುರದ ಆದಿಲಶಾಹಿ ರಾಜ್ಯಕ್ಕೆ ನೇಮಕಗೊಂಡರು. ಪೋರ್ಚುಗಲ್ ದೊರೆಯ ‘ಪಾದ್ರುವಾದೊ’ ಹಕ್ಕಿನ ಅಧಿಕಾರಿಗಳು ಅವರನ್ನು ಒಪ್ಪಲಿಲ್ಲ. ಅವರ ಸೋದರಳಿಯ ತೊಮಾಸ್ ದೆ ಕಾಸ್ತ್ರೊ ಕೆನರಾ ಪ್ರಾಂತಕ್ಕೆ ಧರ್ಮಾಧ್ಯಕ್ಷರಾಗಿ ಬಂದಾಗಲೂ ಅದೇ ಕಥೆ. 1681ರಲ್ಲಿ ಗೋವೆಯಿಂದ ಕೆನರಾಕ್ಕೆ ಬಂದ ಗುರು ಜೋಸೆಫ್ ವಾಜ್ ಅವರು ಈ ಎರಡು ಅಧಿಕಾರಗಳ ನಡುವೆ ಸಿಕ್ಕಿ ಬಹಳ ತೊಳಲಿದರು. 2015ರಲ್ಲಿ ಫ್ರಾನ್ಸಿಸ್ ಜಗದ್ಗುರುಗಳು ಕೊಲಂಬೊದಲ್ಲಿ ಸಂತರೆಂದು ಘೋಷಿಸಿದ ಜೋಸೆಫ್ ವಾಜ್ ಇವರೇ. ಕರಾವಳಿಯಲ್ಲಿ ಆ ಮೇಲೂ ಬಹುಕಾಲ ‘ಪ್ರೊಪಗಾಂಡ’ವೆಂದರೆ ಒಂದು ಪಕ್ಷದ ಹೆಸರು. ಒಂದೇ ಬಲಿಪೂಜೆ, ಒಂದೇ ವಿಶ್ವಾಸ, ಆದರೂ ನೀನು ಯಾರ ಕಡೆಯವನು ಎಂಬ ಪ್ರಶ್ನೆ. ಶಬ್ದ ಕೆಟ್ಟದ್ದು ಹೊರಗಿನವರಿಂದ ಎಂದು ನಾವು ಹೇಳುವುದುಂಟು. ಮೊದಲ ಬಿರುಕನ್ನು ಮನೆಯೊಳಗೇ ಹುಡುಕುವುದು ಮೇಲು.

ಈಗ ನಮ್ಮ ಪತ್ರದಲ್ಲಿ ಬಂದ ಛಾವಣಿಯ ಹಣದ ವಿಚಾರ. ಫ್ರಾನ್ಸಿನ ಲಿಯೊನ್ ಪಟ್ಟಣದ ರೇಷ್ಮೆ ಉದ್ಯಮಿಯ ಮಗಳು ಪೊಲೀನ್ ಜರಿಕೊ ಎಂಬ ಯುವತಿ, ರೇಷ್ಮೆಯ ಕಾರ್ಖಾನೆಯ ಕೆಲಸದ ಹೆಣ್ಣುಮಕ್ಕಳನ್ನು ಹತ್ತು ಹತ್ತು ಜನರ ಗುಂಪು ಮಾಡಿ, ವಾರಕ್ಕೆ ಒಂದು ಸೂ, ಅಂದರೆ ಒಂದು ಪುಡಿಕಾಸು, ಎತ್ತುವ ಏರ್ಪಾಟು ಮಾಡಿದಳು. ಅದರಿಂದ 1822ರಲ್ಲಿ ವಿಶ್ವಾಸಪ್ರಸಾರ ಸಂಸ್ಥೆ ಹುಟ್ಟಿತು. ಅಕ್ಟೋಬರ್ ತಿಂಗಳಲ್ಲಿ ನಾವು ಆಚರಿಸುವ ಮಿಷನ್ ಭಾನುವಾರವನ್ನು 1926ರಲ್ಲಿ ಹನ್ನೊಂದನೆಯ ಪಿಯುಸ್ ಜಗದ್ಗುರುಗಳು ಗೊತ್ತುಮಾಡಿದರು. ಆ ಸಂಸ್ಥೆಯ ಹಣವೂ ಪ್ರೊಪಗಾಂಡದ ಮೂಲಕವೇ ಜಗತ್ತಿನ ಮಿಷನ್‌ಗಳಿಗೆ ಹಂಚಿಕೆಯಾಗುತ್ತಿತ್ತು. ಆದುದರಿಂದ, ಮಗಳೇ, ನಿನ್ನ ಪ್ರಶ್ನೆಯ ಅರ್ಧಕ್ಕೆ ಉತ್ತರ ಇದು: ಈ ತೊಲೆಗಳ ಹಿಂದೆ ಇರುವುದು ದೂರದ ಯಾವುದೋ ಬಡ ಕೆಲಸಗಾರ್ತಿಯರ ಪುಡಿಕಾಸು. ಪೊಲೀನ್ ಜರಿಕೊ 2022ರ ಮೇ ತಿಂಗಳಲ್ಲಿ ಧನ್ಯರ ಪಂಕ್ತಿಗೆ ಸೇರಿದರು.

ಇನ್ನು ಶಬ್ದ ಕೆಟ್ಟ ಬಗೆ. ಫ್ರಾನ್ಸಿನ ಮಹಾಕ್ರಾಂತಿಯ ಕಾಲದಲ್ಲಿ ರಾಜಕೀಯದವರು ಈ ಮಾತನ್ನು ಎತ್ತಿಕೊಂಡು, ಕ್ರಾಂತಿಯ ತತ್ವಗಳನ್ನು ನೆರೆದೇಶಗಳಿಗೆ ಹಬ್ಬಿಸುವ ಕೆಲಸಕ್ಕೆ ಬಳಸಿದರು. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲಿಷಿನಲ್ಲಿ ಅದು ಅರ್ಧ ನಿಂದೆಯ ಶಬ್ದವಾಗಿತ್ತು. ಪೂರ್ತಿ ಕೆಡಿಸಿದ್ದು ಮೊದಲನೆಯ ಮಹಾಯುದ್ಧ. ಎಲ್ಲ ಪಕ್ಷದವರೂ ಅದಕ್ಕಾಗಿ ಕಚೇರಿಗಳನ್ನು ತೆರೆದರು. ಒಂದು ಪ್ರಸಂಗವನ್ನು ಮಾತ್ರ ಹೇಳುತ್ತೇನೆ. 1917ರ ಏಪ್ರಿಲಿನಲ್ಲಿ, ಜರ್ಮನರು ತಮ್ಮದೇ ಸೈನಿಕರ ಹೆಣಗಳನ್ನು ಕುದಿಸಿ ಕೊಬ್ಬು ತೆಗೆಯುವ ಕಾರ್ಖಾನೆಯೊಂದನ್ನು ನಡೆಸುತ್ತಿದ್ದಾರೆಂದು ಬ್ರಿಟಿಷ್ ಪತ್ರಿಕೆಗಳು ಬರೆದವು. ಜರ್ಮನ್ ಪತ್ರಿಕೆಯೊಂದರಲ್ಲಿ ಬಂದ ‘ಕದಾವರ್’ ಎಂಬ ಶಬ್ದ ಇದಕ್ಕೆ ಆಧಾರ. ಆ ಭಾಷೆಯಲ್ಲಿ ಅದು ಸತ್ತ ಪ್ರಾಣಿಗಳಿಗೆ ಹೇಳುವ ಮಾತು. ಅಲ್ಲಿದ್ದದ್ದು ಸತ್ತ ಕುದುರೆಗಳ ವಿಚಾರ. ಕಥೆ ಜಗತ್ತನ್ನೆಲ್ಲ ಸುತ್ತಿತು. 1925ರಲ್ಲಿ ಬ್ರಿಟನ್ನಿನ ವಿದೇಶಾಂಗ ಮಂತ್ರಿ ಆಸ್ಟಿನ್ ಚೇಂಬರ್ಲೇನ್ ಅವರು ಪಾರ್ಲಿಮೆಂಟಿನಲ್ಲಿ ಅದು ನಿರಾಧಾರವೆಂಬ ಜರ್ಮನಿಯ ಹೇಳಿಕೆಯನ್ನು ಅಂಗೀಕರಿಸಿದರು.

ಇದರಿಂದ ಆದ ಅನರ್ಥ ಎರಡು ಬಗೆಯದು. ಬೆಲ್ಜಿಯಮ್ಮಿನಲ್ಲಿ 1914ರಲ್ಲಿ ಜರ್ಮನ್ ಸೇನೆ ನಾಗರಿಕರನ್ನು ಕೊಂದದ್ದೂ, ಲೂವೆನ್ ಕಥೋಲಿಕ ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಸುಟ್ಟದ್ದೂ ನಿಜ. ಕಾರ್ಡಿನಲ್ ಮೆರ್ಸಿಯೆ ಅವರು ಆ ವರ್ಷದ ಕ್ರಿಸ್ಮಸ್ಸಿಗೆ ಬರೆದ ಪಾಲನಾಪತ್ರದಲ್ಲಿ ಹತರಾದ ಗುರುಗಳ ಹೆಸರುಗಳನ್ನೇ ಕೊಟ್ಟಿದ್ದರು. ಹೆಣದ ಕಾರ್ಖಾನೆಯ ಕಥೆ ಸುಳ್ಳೆಂದಾದ ಮೇಲೆ ಜನರು ಈ ನಿಜವನ್ನೂ ಅದರೊಡನೆ ಕಸದ ಬುಟ್ಟಿಗೆ ಹಾಕಿದರು. ಅದಕ್ಕಿಂತ ಘೋರವಾದದ್ದು ಇನ್ನೊಂದು. 1942ರಲ್ಲಿ ನಾಜಿಗಳು ಯೆಹೂದ್ಯರನ್ನು ಸಾಮೂಹಿಕವಾಗಿ ಕೊಲ್ಲುತ್ತಿದ್ದಾರೆಂಬ ವರದಿಗಳು ಬಂದಾಗ, ಹಿಂದಿನ ಯುದ್ಧದ ಆ ಕಥೆಯನ್ನು ನೆನೆದು, ಇದೂ ಅಂಥದೇ ಇರಬೇಕೆಂದು ತಲೆಯಲ್ಲಾಡಿಸಿದವರಿದ್ದರು. ಒಳ್ಳೆಯ ಪಕ್ಷಕ್ಕಾಗಿ ಹೇಳಿದ ಸುಳ್ಳು ಇಪ್ಪತ್ತೈದು ವರ್ಷಗಳ ಬಳಿಕ ನಿಜದ ಬಾಯಿಯನ್ನು ಕಟ್ಟಿತು.

ಇದನ್ನು ಹೇಳುವಾಗ ನನ್ನದೊಂದು ತಪ್ಪನ್ನೂ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿದ್ದಾಗ, ಹೊರದೇಶವೊಂದರಲ್ಲಿ ನಾಳೆಯೇ ಇಷ್ಟು ಮಂದಿ ಕ್ರೈಸ್ತರನ್ನು ಕೊಲ್ಲಲಿದ್ದಾರೆ, ಎಲ್ಲರೂ ಪ್ರಾರ್ಥಿಸಿರಿ ಎಂಬ ಸಂದೇಶವೊಂದು ವಾಟ್ಸಾಪಿನಲ್ಲಿ ಬಂದಿತು. ಬಲಿಪೂಜೆಯ ವೇಳೆ ಅದನ್ನು ಗದ್ಗದಿತನಾಗಿ ಓದಿದೆ. ಅನೇಕರು ಕಣ್ಣೀರು ತಂದುಕೊಂಡರು. ಅದೇ ಸಂದೇಶ ದಿನಾಂಕವೂ ಊರೂ ಬದಲಾಗಿ ವರ್ಷಗಳಿಂದ ಸುತ್ತುತ್ತಿತ್ತೆಂದು ಆ ಮೇಲೆ ಕಾಲೇಜಿನ ಹುಡುಗನೊಬ್ಬ ತೋರಿಸಿಕೊಟ್ಟ. ಮುಂದಿನ ಭಾನುವಾರ ಅದನ್ನು ತಿದ್ದಿ ಹೇಳಬೇಕಾಗಿತ್ತು. ನಾನು ಹೇಳಲಿಲ್ಲ. ಪ್ರಾರ್ಥನೆಯಿಂದ ಯಾರಿಗೂ ನಷ್ಟವಾಗಲಿಲ್ಲವಲ್ಲ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಕೆಲವು ತಿಂಗಳಲ್ಲಿ ನಿಜವಾಗಿಯೂ ಸಂಕಟಕ್ಕೊಳಗಾದವರಿಗಾಗಿ ಕಾಣಿಕೆ ಕೇಳಿದಾಗ, ಹಿಂದಿನ ಬೆಂಚಿನಲ್ಲಿ ಇಬ್ಬರು ಮುಖ ನೋಡಿಕೊಂಡು ನಕ್ಕದ್ದನ್ನು ಬಲಿಪೀಠದಿಂದಲೇ ಕಂಡೆ.

ಯುದ್ಧದ ಬಳಿಕ ಅಮೆರಿಕದಲ್ಲಿ ಎಡ್ವರ್ಡ್ ಬರ್ನೇಸ್ ಎಂಬುವರು 1928ರಲ್ಲಿ ‘ಪ್ರೊಪಗಾಂಡ’ ಎಂದೇ ಹೆಸರಿಟ್ಟು ಪುಸ್ತಕ ಬರೆದರು. ಆದರೆ ತಮ್ಮ ಉದ್ಯೋಗಕ್ಕೆ ಆ ಹೆಸರು ಬೇಡವೆನಿಸಿ, ‘ಪಬ್ಲಿಕ್ ರಿಲೇಷನ್ಸ್’, ಸಾರ್ವಜನಿಕ ಸಂಪರ್ಕ, ಎಂಬ ಮಾತನ್ನು ಮೆರೆಸಿದರು. 1929ರ ಪಾಸ್ಕ ಹಬ್ಬದ ಭಾನುವಾರ, ನ್ಯೂಯಾರ್ಕಿನ ಮೆರವಣಿಗೆಯಲ್ಲಿ ತರುಣಿಯರ ಕೈಗೆ ಸಿಗರೇಟು ಕೊಟ್ಟು, ಅವುಗಳನ್ನು ಸ್ವಾತಂತ್ರ್ಯದ ಪಂಜುಗಳೆಂದು ಪತ್ರಿಕೆಗಳಲ್ಲಿ ಬರೆಯುವಂತೆ ಮಾಡಿದ್ದೂ ಇವರೇ. ಹಣ ತಂಬಾಕಿನ ಕಂಪನಿಯದು. ಪುನರುತ್ಥಾನದ ದಿನವನ್ನು ಇಂಥ ಕೆಲಸಕ್ಕೆ ಬಳಸಿದ್ದನ್ನು ಓದಿದಾಗ ನನಗೆ ಸಿಟ್ಟು ಬಂದದ್ದು ನಿಜ. ಇನ್ನು ಗೊಬೆಲ್ಸ್. 1933ರಲ್ಲಿ ಜರ್ಮನಿಯಲ್ಲಿ ಒಂದು ಮಂತ್ರಾಲಯದ ಹೆಸರಿನಲ್ಲಿಯೇ ‘ಪ್ರೊಪಗಾಂಡ’ವನ್ನು ಸೇರಿಸಿ ಅದರ ಮಂತ್ರಿಯಾದವನು ಕಥೋಲಿಕ ಕುಟುಂಬದಲ್ಲಿ ಹುಟ್ಟಿ, ಕಥೋಲಿಕರ ವಿದ್ಯಾರ್ಥಿವೇತನ ಪಡೆದು ಓದಿದವನು. ಇದನ್ನು ಹೇಳಲು ನಾಚಿಕೆಯಾಗುತ್ತದೆ, ಆದರೂ ಹೇಳದಿರಲಾರೆ.

ಅದೇ ಜರ್ಮನಿಯಲ್ಲಿ, 1941ರ ಬೇಸಿಗೆಯಲ್ಲಿ, ಮ್ಯೂನ್‌ಸ್ಟರಿನ ಧರ್ಮಾಧ್ಯಕ್ಷ ಫೊನ್ ಗಾಲೆನ್ ಅವರು ಮೂರು ಪ್ರಬೋಧನೆಗಳನ್ನು ಮಾಡಿದರು. ಮೂರನೆಯದರಲ್ಲಿ, ಬುದ್ಧಿಮಾಂದ್ಯರನ್ನೂ ರೋಗಿಗಳನ್ನೂ ಸರ್ಕಾರ ಕೊಲ್ಲಿಸುತ್ತಿರುವುದನ್ನು ಬಲಿಪೀಠದ ಮುಂದೆಯೇ ಬಯಲಿಗಿಟ್ಟರು. ಜನರು ಅದನ್ನು ಬೆರಳಚ್ಚು ಮಾಡಿ ಕೈಯಿಂದ ಕೈಗೆ ದಾಟಿಸಿದರು. ಲ್ಯೂಬೆಕ್ ಪಟ್ಟಣದಲ್ಲಿ ಅದನ್ನು ಹಂಚಿದ ಮೂವರು ಕಥೋಲಿಕ ಗುರುಗಳನ್ನೂ ಒಬ್ಬ ಲೂಥರನ್ ಪಾಸ್ಟರರನ್ನೂ 1943ರ ನವೆಂಬರ್ 10ರಂದು ಶಿರಚ್ಛೇದ ಮಾಡಿದರು. ಅವೇ ಮಾತುಗಳನ್ನು ಬ್ರಿಟಿಷರು ಕರಪತ್ರಗಳಾಗಿ ಅಚ್ಚು ಹಾಕಿ ವಿಮಾನಗಳಿಂದ ಉದುರಿಸಿದರು. ವಿಮಾನದಿಂದ ಬಿದ್ದದ್ದು ಪ್ರೊಪಗಾಂಡವೇ? ಮಾತು ಅದೇ, ಸತ್ಯವೂ ಅದೇ. ಈ ಪ್ರಶ್ನೆಯನ್ನು ನಾನು ಬಹಳ ದಿನ ತಿರುವಿ ಹಾಕಿದ್ದೇನೆ. ಕರಪತ್ರ ಸುಳ್ಳಾಗಿರಲಿಲ್ಲ, ಆದರೆ ಅದನ್ನು ಉದುರಿಸಿದವನು ಆ ಮಾತಿಗೆ ಹೊಣೆಯಾಗಿ ಆ ಊರಿನಲ್ಲಿ ನಿಲ್ಲಬೇಕಾಗಿರಲಿಲ್ಲ. ಲ್ಯೂಬೆಕ್ಕಿನ ನಾಲ್ವರು ನಿಂತರು.

ಕನ್ನಡದ ಪರ್ಯಾಯಪದಗಳ ವಿಚಾರಕ್ಕೆ ಬರೋಣ. ‘ಪ್ರೊಪಗಾಂಡ’ಕ್ಕೆ ನಾವು ಹೇಳುವ ‘ಪ್ರಚಾರ’ ಸಂಸ್ಕೃತದ ‘ಚರ್’ ಧಾತುವಿನಿಂದ ಬಂದುದು. ನಡೆ, ಸಂಚರಿಸು ಎಂದು ಅದರ ಅರ್ಥ. ಪ್ರಭು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಾಲ್ನಡಿಗೆಯಲ್ಲಿ ಕಳುಹಿಸಿದ್ದಕ್ಕೆ ಇದು ಚೆನ್ನಾಗಿ ಒಪ್ಪುತ್ತದೆ. ಕನ್ನಡದಲ್ಲಿ ಇದು ಇನ್ನೂ ಪೂರ್ತಿ ಕೆಟ್ಟಿಲ್ಲ. ಕೆಟ್ಟದ್ದನ್ನು ಹೇಳಲು ‘ಅಪಪ್ರಚಾರ’ ಎಂದು ಬೇರೆ ಹೆಸರಿಟ್ಟಿದ್ದೇವೆ. ಆದರೆ ‘ಪ್ರಚಾರಪ್ರಿಯ’ ಎಂದೊಡನೆ ಮೂಗು ಮುರಿಯುತ್ತೇವೆ. ‘ಪ್ರಸಾರ’ ಹರಿದುಹೋಗುವುದು, ಅದರಲ್ಲಿ ಹೊಗಳಿಕೆಯೂ ಇಲ್ಲ, ತೆಗಳಿಕೆಯೂ ಇಲ್ಲ. ‘ಜಾಹೀರಾತು’ ಸಂತೆಯ ಮಾತು. ಅಲ್ಲಿ ಮಾರುವವನಿದ್ದಾನೆಂದು ಕೊಳ್ಳುವವನಿಗೆ ಮೊದಲೇ ಗೊತ್ತು. ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳ ಭಾಷೆಗಳಲ್ಲಿ ‘ಪ್ರೊಪಗಾಂಡ’ವೆಂದರೆ ಸಾಬೂನಿನ ಜಾಹೀರಾತು ಕೂಡ ಆಗುತ್ತದೆ. ‘ಡಂಗುರ’ದಲ್ಲಿ ಅರಸನ ಅಪ್ಪಣೆಯಿದೆ, ಎದುರು ಮಾತಿಗೆ ಎಡೆಯಿಲ್ಲ. ‘ತನ್ನ ತುತ್ತೂರಿ ತಾನೇ ಊದುವುದು’ ಎಂಬುದಕ್ಕೆ ವಿವರಣೆ ಬೇಕಿಲ್ಲ; ದಾನ ಕೊಡುವಾಗ ತುತ್ತೂರಿ ಊದಿಸುವವರನ್ನು ಪ್ರಭು ಗದರಿಸಿದ್ದಾನೆ, ನಮ್ಮ ಶತಮಾನೋತ್ಸವದ ಅಮೃತಶಿಲೆಯ ದಾನಿಗಳ ಪಟ್ಟಿಯನ್ನು ಬರೆಸುವಾಗ ನನಗೆ ಅದರ ನೆನಪಾಯಿತು, ಇರಲಿ. ‘ಬೋಧನೆ’ಯಲ್ಲಿ ಗುರು-ಶಿಷ್ಯರ ಎದುರುಬದುರು ಕೂರುವಿಕೆಯಿದೆ. ‘ಸಾರು’ ಅಚ್ಚಗನ್ನಡದ ಮಾತು. ಶುಭಸಂದೇಶವನ್ನು ಸಾರುವುದು ಎನ್ನುವಾಗ ಅದರಷ್ಟು ಹಿತವಾದದ್ದು ಬೇರಿಲ್ಲ. ಊಟದ ಸಾರೂ ಅದೇ ಉಚ್ಚಾರಣೆಯದಾದ್ದರಿಂದ ಉಪದೇಶದ ತರಗತಿಯ ಪುಟ್ಟ ಮಕ್ಕಳು ನಗುತ್ತಾರೆ, ಅಷ್ಟೇ.

ನನ್ನ ಮನಸ್ಸಿಗೆ ಹೆಚ್ಚು ಹಿಡಿಸಿದ ಕನ್ನಡ ಪದ ‘ಹಬ್ಬಿಸು’. ಲತೀನಿನ ಮೂಲದ ಬಳ್ಳಿ ಇದರಲ್ಲಿ ಹಾಗೆಯೇ ಇದೆ: ಮಲ್ಲಿಗೆಯ ಬಳ್ಳಿ ಚಪ್ಪರಕ್ಕೆ ಹಬ್ಬುತ್ತದೆ, ಕೀರ್ತಿ ಹಬ್ಬುತ್ತದೆ. ಆದರೆ ಈಚಿನ ಮಾತುಗಳಲ್ಲಿ ಈ ಪದವನ್ನು ಎಲ್ಲಿ ಕೇಳುತ್ತೇವೆ? ವದಂತಿ ಹಬ್ಬಿಸಿದರು, ಗಾಳಿಸುದ್ದಿ ಹಬ್ಬಿಸಿದರು, ರೋಗ ಹಬ್ಬಿತು. ಯಾವ ರೋಮನ್ ಮಂಡಲಿಯ, ಯಾವ ಮಂತ್ರಿಯ ನೆರವೂ ಇಲ್ಲದೆ ನಮ್ಮ ಮಾತೂ ಅದೇ ಜಾಡಿನಲ್ಲಿ ಇಳಿದಿದೆ. ಹಬ್ಬಿಸುವ ಕೆಲಸವೇ ಹಾಗೆಂದು ಕಾಣುತ್ತದೆ. ಅದಕ್ಕೆ ಬಳ್ಳಿ ಬೇಕು, ಬಳ್ಳಿ ಯಾವುದೆಂದು ಹೇಳದಿದ್ದರೆ ಕಳೆಯೂ ಹಬ್ಬುತ್ತದೆ.

ಇದು ಬರಿಯ ಪಂಡಿತರ ಚರ್ಚೆಯಲ್ಲ. ನಮ್ಮ ಸಂವಿಧಾನದ 25ನೆಯ ಅನುಚ್ಛೇದದಲ್ಲಿ ಧರ್ಮವನ್ನು ಅವಲಂಬಿಸುವ, ಆಚರಿಸುವ ಹಕ್ಕಿನೊಡನೆ ‘ಪ್ರಾಪಗೇಟ್’ ಮಾಡುವ ಹಕ್ಕೂ ಇದೆ. ಅದೇ ಬಳ್ಳಿಯ ಶಬ್ದ. 1948ರ ಡಿಸೆಂಬರಿನಲ್ಲಿ ಸಂವಿಧಾನ ಸಭೆಯಲ್ಲಿ ಈ ಒಂದು ಮಾತನ್ನು ತೆಗೆಯಬೇಕೆಂದು ಕೆಲವರು ವಾದಿಸಿದರು. ಮಂಗಳೂರಿನಲ್ಲಿ ಹುಟ್ಟಿದ ಯೇಸುಸಭೆಯ ಗುರು ಜೆರೋಮ್ ಡಿಸೋಜ ಅವರು ಆ ಸಭೆಯ ಸದಸ್ಯರಾಗಿದ್ದರು. ಆದರೆ ಆ ಮಾತನ್ನು ಉಳಿಸಿಕೊಟ್ಟವರಲ್ಲಿ ಹೆಚ್ಚಿನವರು ಕ್ರೈಸ್ತರಲ್ಲ. ಕೆ.ಎಂ. ಮುನ್ಷಿಯವರು ಅದರ ಪರವಾಗಿ ಮಾತನಾಡಿದರು. ಟಿ.ಟಿ. ಕೃಷ್ಣಮಾಚಾರಿಯವರು, ತಾವು ಅನೇಕ ವರ್ಷ ಕ್ರೈಸ್ತ ಶಾಲೆಗಳಲ್ಲಿ ಓದಿದರೂ ತಮ್ಮನ್ನು ಮತಾಂತರಿಸಲು ಯಾರೂ ಯತ್ನಿಸಲಿಲ್ಲವೆಂದು ಸಾಕ್ಷಿ ನುಡಿದರು. ಹೆಸರು ತಿಳಿಯದ ಯಾರೋ ಉಪಾಧ್ಯಾಯರು ತರಗತಿಯಲ್ಲಿ ಪ್ರಾಮಾಣಿಕವಾಗಿ ನಡೆದುಕೊಂಡದ್ದರ ಫಲ ನಮ್ಮ ಮೂಲಭೂತ ಹಕ್ಕಿಗೆ ಆಸರೆಯಾಯಿತು. ಮುಂದೆ 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ನಿಘಂಟುಗಳನ್ನು ತೆರೆದು ನೋಡಿ, ಈ ಹಕ್ಕು ಧರ್ಮದ ತತ್ವಗಳನ್ನು ವಿವರಿಸಿ ತಿಳಿಸುವ ಹಕ್ಕೇ ಹೊರತು ಇನ್ನೊಬ್ಬರನ್ನು ಮತಾಂತರಿಸುವ ಹಕ್ಕಲ್ಲವೆಂದು ತೀರ್ಪಿತ್ತಿತು. ತೀರ್ಪನ್ನು ಕುರಿತು ನಮ್ಮವರಲ್ಲಿ ಭಿನ್ನಾಭಿಪ್ರಾಯಗಳಿವೆ. ಆದರೆ ಎರಡನೆಯ ವ್ಯಾಟಿಕನ್ ಮಹಾಸಭೆಯೇ 1965ರ ಧಾರ್ಮಿಕ ಸ್ವಾತಂತ್ರ್ಯದ ಘೋಷಣೆಯಲ್ಲಿ, ವಿಶ್ವಾಸವನ್ನು ಹರಡುವಾಗ ಬಲಾತ್ಕಾರವನ್ನೂ ಅಪ್ರಾಮಾಣಿಕವಾದ ಪುಸಲಾಯಿಸುವಿಕೆಯನ್ನೂ, ವಿಶೇಷವಾಗಿ ಬಡವರ ಮತ್ತು ಓದುಬರಹ ಅರಿಯದವರ ವಿಷಯದಲ್ಲಿ, ವರ್ಜಿಸಬೇಕೆಂದು ವಿಧಿಸಿದೆ ಎಂಬುದನ್ನು ನಾವು ಮರೆಯಬಾರದು.

ರೋಮಿನಲ್ಲಿಯೂ ಹೆಸರಿನ ಚಿಂತೆ ಇದ್ದೇ ಇತ್ತು. 1967ರಲ್ಲಿ ಆರನೆಯ ಪೌಲ್ ಜಗದ್ಗುರುಗಳು ಮಂಡಲಿಗೆ ಜನಾಂಗಗಳ ಸುವಾರ್ತಾಪ್ರಸಾರದ ಮಂಡಲಿ ಎಂಬ ಹೊಸ ಹೆಸರನ್ನಿಟ್ಟು, ಹಳೆಯದನ್ನು ‘ಅಥವಾ’ ಎಂದು ಪಕ್ಕದಲ್ಲಿ ಉಳಿಸಿದರು. 2022ರ ಸುಧಾರಣೆಯಲ್ಲಿ ಅದು ಇನ್ನೊಂದು ಇಲಾಖೆಯೊಡನೆ ಸೇರಿ ಸುವಾರ್ತಾಪ್ರಸಾರದ ಇಲಾಖೆಯಾಗಿದೆ. ಆದರೆ ರೋಮಿನ ಸ್ಪೇನ್ ಚೌಕದ ಬದಿಯ ಆ ಹಳೆಯ ಕಟ್ಟಡಕ್ಕೂ ಅದರ ಪಕ್ಕದ ಬೀದಿಗೂ ಇಂದಿಗೂ ಪ್ರೊಪಗಾಂಡದ ಹೆಸರೇ.

ಕೊನೆಗೆ ನಮ್ಮ ಈ ಸ್ಮರಣ ಸಂಚಿಕೆಯ ವಿಚಾರ. ಧರ್ಮಕೇಂದ್ರದ ಚರಿತ್ರೆಯನ್ನು ಬರೆದುಕೊಡುವ ಹೊಣೆ ನನ್ನದಾಗಿತ್ತು. ಮೊದಲ ಕರಡಿನಲ್ಲಿ, ಆರಂಭದ ದಿನಗಳಿಂದಲೂ ಎಲ್ಲ ಕುಟುಂಬಗಳೂ ಒಂದೇ ಮನಸ್ಸಿನಿಂದ ಬಾಳಿದವು ಎಂದು ಬರೆದಿದ್ದೆ. ಅಂಥ ಸಂಚಿಕೆಗಳಲ್ಲಿ ಹಾಗೆ ಬರೆಯುವುದು ರೂಢಿ. ಆದರೆ ದಾಖಲೆಯ ಪುಸ್ತಕ ಬೇರೆಯೇ ಹೇಳುತ್ತದೆ. ಪಾಲಕ ಸಂತರ ಹಬ್ಬದ ತೇರನ್ನು ಯಾವ ಬೀದಿಯವರು ಮುಟ್ಟಬಹುದು, ಯಾರು ಮುಟ್ಟಬಾರದು ಎಂಬ ಜಗಳದಲ್ಲಿ ಎರಡು ವರ್ಷ ತೇರು ಎಳೆಯಲೇ ಇಲ್ಲ. ಒಂದು ಬೀದಿಯವರು ಬಲಿಪೂಜೆಗೆ ಬರುವುದನ್ನೇ ನಿಲ್ಲಿಸಿದ್ದರು. ಜಾತಿಯ ಜಗಳವದು, ಬೇರೆ ಹೆಸರಿನಿಂದ ಕರೆದು ಪ್ರಯೋಜನವಿಲ್ಲ. ಆ ಎರಡು ವರ್ಷಗಳ ಪುಟಗಳನ್ನು ನಾನು ಓದಿದ್ದೆ, ಮತ್ತು ಬೇಕೆಂದೇ ಬಿಟ್ಟಿದ್ದೆ. ಹಬ್ಬದ ಮನೆಯಲ್ಲಿ ಹಳೆಯ ಹುಣ್ಣನ್ನು ಕೆರೆಯುವುದೇಕೆ ಎನಿಸಿತ್ತು.

ಈ ಭಾಷಣವನ್ನು ಸಿದ್ಧಪಡಿಸುತ್ತಿದ್ದಾಗ ಆ ಕರಡನ್ನು ಮತ್ತೆ ತೆಗೆದೆ. ಸಮಿತಿಯಲ್ಲಿ ಚರ್ಚೆ ನಡೆಯಿತು. ಬೇಡವೆಂದವರಿಗೂ ಅವರದೇ ಕಾರಣಗಳಿದ್ದವು, ಅವರು ಕೆಟ್ಟವರಲ್ಲ. ಆ ಬೀದಿಯ ಅಜ್ಜಿಯೊಬ್ಬರನ್ನು ಮನೆಗೆ ಹೋಗಿ ಕೇಳಿದೆ. ಆಗ ಅವರು ಏಳೆಂಟು ವರ್ಷದ ಹುಡುಗಿ. “ಬರೀರಿ ಸ್ವಾಮಿ, ನಮ್ಮಪ್ಪ ಅವತ್ತು ತೇರಿನ ಹಗ್ಗ ಬಿಟ್ಟು ಮನೆಗೆ ಬಂದು ಅತ್ತಿದ್ದು ನಾನು ನೋಡಿವ್ನಿ. ಬರೀದಿದ್ರೆ ಅವರು ಅತ್ತಿದ್ದೇ ಸುಳ್ಳಾಯ್ತದೆ” ಎಂದರು.

ಆ ಎರಡು ವರ್ಷಗಳ ವೃತ್ತಾಂತ ಈಗ ಚರಿತ್ರೆಯ ಭಾಗದಲ್ಲಿದೆ. ಹೆಸರುಗಳನ್ನು ಕೊಟ್ಟಿಲ್ಲ, ಬೀದಿಯನ್ನೂ ಗುರುತಿಸಿಲ್ಲ. ತೇರು ಮತ್ತೆ ಹೊರಟ ವರ್ಷ ಎರಡೂ ಕಡೆಯವರು ಹಗ್ಗ ಹಿಡಿದರೆಂದು ದಾಖಲೆಯಲ್ಲಿ ಒಂದು ಸಾಲು ಮಾತ್ರ ಇದೆ. ಅದನ್ನು ಇದ್ದ ಹಾಗೆಯೇ ಸೇರಿಸಿದ್ದೇನೆ. ಛಾವಣಿಯ ಪತ್ರವನ್ನು ಚೌಕಟ್ಟು ಹಾಕಿಸಿ ಸಭಾಂಗಣದ ಬಾಗಿಲ ಬಳಿ ತೂಗುಹಾಕಿದ್ದೇವೆ. ಹೋಗುವಾಗ ನೋಡಬಹುದು.